ಹಳೆ ಕಾರಿನ ವ್ಯಾಪಾರ: ದಾಖಲೆ ಯಾರ ಕೈಯಲ್ಲಿರಬೇಕು?

ಸಂಪಾದಕರಿಗೆ,

ಮಾನ್ಯರೇ,

ಹಳೆ ಕಾರುಗಳನ್ನು ಕೊಂಡು, ಆಗಬೇಕಾದ ರಿಪೇರಿ ಮಾಡಿಸಿ, ಮತ್ತೆ ಮಾರುವ ಸಣ್ಣ ವ್ಯಾಪಾರದಲ್ಲಿ ನಾನು ಹಲವು ವರ್ಷಗಳಿಂದ ಇದ್ದೇನೆ. ಒಂದು ಹೊತ್ತಿಗೆ ನಮ್ಮಲ್ಲಿ ಇಪ್ಪತ್ತೈದು, ಹೆಚ್ಚೆಂದರೆ ಮೂವತ್ತು ಕಾರುಗಳಿರುತ್ತವೆ. ಕೆಲಸಕ್ಕೆ ನಾಲ್ಕು ಜನ. ಇಷ್ಟು ಚಿಕ್ಕ ವ್ಯಾಪಾರಕ್ಕೂ ಇಂದು ವೆಬ್‌ಸೈಟ್ ಬೇಕು, ಸ್ಟಾಕು ಮತ್ತು ಲೆಕ್ಕ ನೋಡಿಕೊಳ್ಳಲು ಸಾಫ್ಟ್‌ವೇರ್ ಬೇಕು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಇವುಗಳನ್ನು ಆರಿಸುವಾಗ ನಮ್ಮಂಥವರು ಮುಖ್ಯವಾದ ಪ್ರಶ್ನೆಯನ್ನೇ ಬಿಟ್ಟುಬಿಡುತ್ತೇವೆ. ಪುಟ ಎಷ್ಟು ಚೆನ್ನಾಗಿ ಕಾಣುತ್ತದೆ, ತಿಂಗಳಿಗೆ ಎಷ್ಟು ಕೊಡಬೇಕು ಎಂದು ಕೇಳುತ್ತೇವೆಯೇ ಹೊರತು, ನಾಳೆ ಬೇರೆಯವರ ಬಳಿಗೆ ಹೋಗಬೇಕಾಗಿ ಬಂದರೆ ನಮ್ಮ ಕಾರುಗಳ ದಾಖಲೆ, ಫೋಟೊ, ಗಿರಾಕಿಗಳ ವಿವರ ನಮ್ಮ ಜೊತೆ ಬರುತ್ತವೆಯೇ ಎಂದು ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ. ಅದರಿಂದಾದ ನಷ್ಟವನ್ನು ಅನುಭವಿಸಿದ ಮೇಲೆ ಈ ಪತ್ರ ಬರೆಯುತ್ತಿದ್ದೇನೆ.

ನಮ್ಮ ಮೊದಲ ವೆಬ್‌ಸೈಟನ್ನು ಒಂದು ಚಿಕ್ಕ ಸಂಸ್ಥೆ ಮಾಡಿಕೊಟ್ಟಿತ್ತು. ಡೊಮೇನ್ ಹೆಸರು, ಅಂದರೆ ವೆಬ್‌ಸೈಟಿನ ವಿಳಾಸ ಕೊಳ್ಳುವುದು, ಹೋಸ್ಟಿಂಗ್, ಅಂದರೆ ವೆಬ್‌ಸೈಟನ್ನು ಇಡಲು ಸರ್ವರಿನಲ್ಲಿ ಜಾಗ ಪಡೆಯುವುದು, ಕಾರುಗಳ ಪಟ್ಟಿ ಏರಿಸುವುದು ಎಲ್ಲವನ್ನೂ ತಾವೇ ನೋಡಿಕೊಳ್ಳುತ್ತೇವೆ ಎಂದು ಅವರು ಹೇಳಿದಾಗ ನಮಗೆ ದೊಡ್ಡ ಹೊರೆ ಇಳಿದಂತಾಗಿತ್ತು. ಐದು ವರ್ಷ ಎಲ್ಲವೂ ಸರಿಯಾಗಿಯೇ ನಡೆಯಿತು. ಆ ಸಂಸ್ಥೆ ಬಾಗಿಲು ಹಾಕಿದ ಮೇಲೆ ಗೊತ್ತಾಯಿತು: ನಮ್ಮ ಬಿಲ್ಲುಗಳ ಮೇಲೆ, ಬೋರ್ಡಿನ ಮೇಲೆ, ಮಾರಿದ ಕಾರುಗಳ ಹಿಂದಿನ ಗಾಜಿಗೆ ಅಂಟಿಸಿದ ಸ್ಟಿಕರ್‌ಗಳ ಮೇಲೆ ಅಚ್ಚಾಗಿದ್ದ ವಿಳಾಸ ನಮ್ಮ ಹೆಸರಿನಲ್ಲಿ ಇರಲೇ ಇಲ್ಲ. ಅದು ಅವರ ಖಾತೆಯಲ್ಲಿ, ಅವರ ಇಮೇಲ್‌ಗೆ ನೋಂದಣಿಯಾಗಿತ್ತು. ನವೀಕರಿಸಬೇಕೆಂಬ ಸೂಚನೆಗಳೆಲ್ಲ ಅವರಿಗೇ ಹೋದವು, ಅವಧಿ ಮುಗಿಯಿತು. ಡಾಟ್ ಕಾಮ್ ಹೆಸರೊಂದು ರದ್ದಾದ ಮೇಲೂ ಅದನ್ನು ಹಿಂದಕ್ಕೆ ಪಡೆಯಲು 30 ದಿನಗಳ ಅವಕಾಶ ಇರುತ್ತದೆ. ಆದರೆ ಆ ಅವಕಾಶ ಯಾರ ಹೆಸರಿನಲ್ಲಿ ನೋಂದಣಿ ಆಗಿತ್ತೋ ಅವರಿಗೆ ಮಾತ್ರ. ನಾವು ಹಣ ಹಿಡಿದು ನಿಂತಿದ್ದರೂ ಕೇಳುವ ಹಕ್ಕು ನಮಗಿರಲಿಲ್ಲ. ಕೆಲವು ವಾರಗಳ ನಂತರ ಯಾರೋ ಅಪರಿಚಿತರು ಆ ಹೆಸರನ್ನು ಕೊಂಡರು. ಐದು ವರ್ಷಗಳ ಫೋಟೊಗಳು ಮತ್ತು ಗಿರಾಕಿಗಳ ವಿಚಾರಣೆಗಳು ಮುಚ್ಚಿದ ಆ ಸಂಸ್ಥೆಯ ಸರ್ವರ್ ಜೊತೆಗೇ ಹೋದವು.

ಆದ್ದರಿಂದ ಬೇರೆ ಏನನ್ನು ಯಾರಿಗೆ ವಹಿಸಿದರೂ, ಡೊಮೇನ್ ಹೆಸರನ್ನು ಮಾತ್ರ ಮಾಲೀಕರು ತಮ್ಮ ಹೆಸರಿನಲ್ಲಿ, ತಮ್ಮದೇ ಖಾತೆಯಲ್ಲಿ ಕೊಳ್ಳಬೇಕು. ಒಮ್ಮೆಗೆ ಗರಿಷ್ಠ 10 ವರ್ಷಗಳವರೆಗೆ ನೋಂದಾಯಿಸಿಡಬಹುದು. ಇನ್ನೊಂದು ಚಿಕ್ಕ ವಿಷಯ ಬಹಳ ಜನರ ಗಮನಕ್ಕೆ ಬರುವುದಿಲ್ಲ: ಆ ಖಾತೆಗೆ ಕೊಡುವ ಇಮೇಲ್ ವಿಳಾಸ ಅದೇ ಡೊಮೇನಿನದಾಗಿರಬಾರದು. ಡೊಮೇನ್ ನಿಂತರೆ ಆ ಇಮೇಲೂ ನಿಲ್ಲುತ್ತದೆ, ಎಚ್ಚರಿಕೆ ಬರಬೇಕಾದ ದಾರಿಯೇ ಮುಚ್ಚಿಹೋಗುತ್ತದೆ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ನಮ್ಮ ವ್ಯಾಪಾರದ ಬೇರು ಇರುವುದು ವೆಬ್‌ಸೈಟಿನಲ್ಲಿ ಅಲ್ಲ, ಸ್ಟಾಕ್ ಪುಸ್ತಕದಲ್ಲಿ. ಹೊಸ ಕಾರಿನ ವ್ಯಾಪಾರಿಗೆ ಒಂದೇ ಮಾದರಿಯ ಹತ್ತು ಕಾರುಗಳು ಹತ್ತೂ ಒಂದೇ. ನಮಗೆ ಹಾಗಲ್ಲ. ಒಂದೇ ವರ್ಷದ, ಒಂದೇ ಬಣ್ಣದ ಎರಡು ಕಾರುಗಳು ನಮ್ಮಲ್ಲಿದ್ದರೂ ಅವು ಎರಡು ಬೇರೆ ವಸ್ತುಗಳು; ಒಂದರ ಕ್ಲಚ್ ಬದಲಾಗಿದೆ, ಇನ್ನೊಂದರ ಬಾಗಿಲಿಗೆ ಮತ್ತೆ ಬಣ್ಣ ಹೊಡೆದಿದೆ, ಒಂದಕ್ಕೆ ಪೂರ್ತಿ ಸರ್ವಿಸ್ ದಾಖಲೆ ಇದೆ, ಇನ್ನೊಂದಕ್ಕೆ ಒಂದೇ ಕೀಲಿ ಇದೆ. ಹೀಗಾಗಿ ಪ್ರತಿ ಕಾರಿಗೂ ಒಂದು ಸ್ಟಾಕ್ ನಂಬರ್ ಕೊಟ್ಟು, ಕೊಂಡ ದಿನ, ಕೊಂಡ ಬೆಲೆ, ಚಾಸಿ ನಂಬರ್, ಎಂಜಿನ್ ನಂಬರ್, ಓಡಿದ ಕಿಲೋಮೀಟರ್, ಮಾಡಿಸಿದ ಒಂದೊಂದು ಕೆಲಸದ ಖರ್ಚು, ಹಿಂದಿನ ಮಾಲೀಕರ ಸಾಲ ತೀರಿದೆಯೇ ಇಲ್ಲವೇ, ಯಾವ ಕಾಗದ ಬಂದಿದೆ, ಯಾವುದು ಬರಬೇಕಿದೆ ಎಂಬುದೆಲ್ಲ ಒಂದೇ ಸಾಲಿನಲ್ಲಿ ಸಿಗುವಂತೆ ಇಡಬೇಕು. ಫೋಟೊಗಳ ಫೋಲ್ಡರಿಗೂ ಅದೇ ಸ್ಟಾಕ್ ನಂಬರ್ ಹೆಸರಾಗಬೇಕು. ಈ ಒಂದು ಪಟ್ಟಿ ಸರಿಯಾಗಿದ್ದರೆ ಅದರಿಂದ ವೆಬ್‌ಸೈಟಿಗೆ, ಜಾಹೀರಾತು ತಾಣಗಳಿಗೆ, ಲೆಕ್ಕದವರಿಗೆ ಬೇಕಾದದ್ದನ್ನೆಲ್ಲ ತೆಗೆಯಬಹುದು. ಪಟ್ಟಿಯೇ ಸರಿಯಿಲ್ಲದಿದ್ದರೆ ಎಂಥ ಸಾಫ್ಟ್‌ವೇರ್ ತಂದರೂ ತಪ್ಪು ಲೆಕ್ಕವೇ ನಾಲ್ಕು ಕಡೆ ಕಾಣಿಸಿಕೊಳ್ಳುತ್ತದೆ.

ಈ ಪಟ್ಟಿಯಲ್ಲಿ ನಾನು ದಿನವೂ ನೋಡುವ ಅಂಕಣ ಲಾಭದ್ದಲ್ಲ, ಕಾರು ನಮ್ಮಲ್ಲಿ ಎಷ್ಟು ದಿನದಿಂದ ನಿಂತಿದೆ ಎಂಬುದು. ನಿಂತ ಕಾರಿನ ಬ್ಯಾಟರಿ ಇಳಿಯುತ್ತದೆ, ಟೈರು ಹಾಳಾಗುತ್ತದೆ, ಹಾಕಿದ ಹಣಕ್ಕೆ ಬಡ್ಡಿ ಬೆಳೆಯುತ್ತದೆ, ಬೆಲೆ ಕುಸಿಯುತ್ತದೆ. ಆ ಸಂಖ್ಯೆಯನ್ನು ಎದುರಿಗೆ ತೋರಿಸದೆ ಬಣ್ಣಬಣ್ಣದ ನಕ್ಷೆಗಳನ್ನು ತೋರಿಸುವ ಸಾಫ್ಟ್‌ವೇರ್ ನಮ್ಮ ಕೆಲಸಕ್ಕೆ ಬರುವಂಥದ್ದಲ್ಲ ಎಂಬುದು ನನ್ನ ಅಭಿಪ್ರಾಯ.

ಇಪ್ಪತ್ತು ಮೂವತ್ತು ಕಾರುಗಳಿಗೆ ಈ ಪಟ್ಟಿಯನ್ನು ಮಾಮೂಲಿ ಸ್ಪ್ರೆಡ್‌ಶೀಟಿನಲ್ಲೇ ಇಡಬಹುದು. ಅದರಲ್ಲೂ ಎಚ್ಚರ ಬೇಕು. ನಡುವೆ ಇಂಗ್ಲಿಷಿನ ‘ಇ’ ಅಕ್ಷರ, ಉಳಿದದ್ದೆಲ್ಲ ಅಂಕಿ ಇರುವ ಎಂಜಿನ್ ನಂಬರನ್ನು ಬರೆದರೆ ಎಕ್ಸೆಲ್ ಅದನ್ನು ಹತ್ತರ ಘಾತದ ದೊಡ್ಡ ಸಂಖ್ಯೆ ಎಂದು ತಿಳಿದು ರೂಪ ಬದಲಿಸಿಬಿಡುತ್ತದೆ. ಸೊನ್ನೆಯಿಂದ ಶುರುವಾಗುವ ನಂಬರಿನ ಸೊನ್ನೆ ಹೋಗುತ್ತದೆ. ಬರೀ ಅಂಕಿಗಳ ಉದ್ದನೆಯ ನಂಬರಾದರೆ 15 ಅಂಕಿಗಳ ನಂತರದ್ದೆಲ್ಲ ಸೊನ್ನೆಯಾಗುತ್ತದೆ. ಇದು ನಮ್ಮಂಥವರಿಗೆ ಮಾತ್ರ ಆಗುವ ತೊಂದರೆಯಲ್ಲ; ಮಾನವ ವಂಶವಾಹಿಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ಸಮಿತಿ, ಎಕ್ಸೆಲ್ ಕೆಲವು ಹೆಸರುಗಳನ್ನು ತಾರೀಖು ಎಂದು ತಪ್ಪಾಗಿ ಓದುತ್ತಿದ್ದ ಕಾರಣಕ್ಕೆ ಆ ಹೆಸರುಗಳನ್ನೇ ಬದಲಿಸಿದ್ದನ್ನು 2020ರಲ್ಲಿ ಪ್ರಕಟಿಸಿತು. ನಂಬರ್ ಬರೆಯುವ ಅಂಕಣಗಳನ್ನು ಮೊದಲೇ ‘ಟೆಕ್ಸ್ಟ್’ ಎಂದು ಗೊತ್ತುಮಾಡಿಟ್ಟರೆ ಈ ತೊಂದರೆ ಬರುವುದಿಲ್ಲ. ಚಾಸಿ ನಂಬರಿಗೆ ಇನ್ನೂ ಒಂದು ಸುಲಭ ಪರೀಕ್ಷೆ ಇದೆ. ಈಗಿನ ಅಂತರರಾಷ್ಟ್ರೀಯ ಮಾದರಿಯ ವಾಹನ ಗುರುತಿನ ಸಂಖ್ಯೆಯಲ್ಲಿ ಸರಿಯಾಗಿ 17 ಅಕ್ಷರಗಳಿರುತ್ತವೆ; ಒಂದು ಮತ್ತು ಸೊನ್ನೆಯ ಜೊತೆ ಗೊಂದಲವಾಗಬಾರದೆಂದು ಅದರಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳನ್ನು ಬಳಸುವುದೇ ಇಲ್ಲ. 16 ಅಕ್ಷರ ಬರೆದರೂ, ಸೊನ್ನೆಯ ಜಾಗದಲ್ಲಿ ಓ ಬರೆದರೂ ತಕ್ಷಣ ತಡೆಯುವ ಏರ್ಪಾಡು ಒಳ್ಳೆಯ ಸಾಫ್ಟ್‌ವೇರಿನಲ್ಲಿ ಇರಬೇಕು. ತೋರಿಸಲು ಬಂದವರ ಎದುರಿಗೇ ತಪ್ಪು ನಂಬರ್ ಹಾಕಿ ನೋಡಬಹುದು. ಅದನ್ನು ಸುಮ್ಮನೆ ಒಪ್ಪಿಕೊಂಡರೆ, ಕಾರಿನ ವ್ಯಾಪಾರ ತಿಳಿಯದವರು ಮಾಡಿದ ಸಾಫ್ಟ್‌ವೇರ್ ಅದು ಎಂದು ಅರ್ಥ.

ಹಾಗಾದರೆ ಸ್ಪ್ರೆಡ್‌ಶೀಟ್ ಬಿಟ್ಟು ಹಣ ಕೊಟ್ಟು ಸಾಫ್ಟ್‌ವೇರ್ ಕೊಳ್ಳುವ ಕಾಲ ಯಾವುದು? ಕಾರುಗಳ ಸಂಖ್ಯೆಗಿಂತ ಪಟ್ಟಿಯನ್ನು ಎಷ್ಟು ಜನ ಮುಟ್ಟುತ್ತಾರೆ ಎಂಬುದೇ ಇದನ್ನು ತೀರ್ಮಾನಿಸುತ್ತದೆ. ನಮ್ಮಲ್ಲಿ ಒಂದು ಭಾನುವಾರ ಇಬ್ಬರು ಹುಡುಗರು ಒಂದೇ ಕಾರಿಗೆ ಇಬ್ಬರು ಗಿರಾಕಿಗಳಿಂದ ಅಡ್ವಾನ್ಸ್ ತೆಗೆದುಕೊಂಡರು. ಇಬ್ಬರೂ ಪಟ್ಟಿ ನೋಡಿಯೇ ಹೇಳಿದ್ದರು, ಆದರೆ ಇಬ್ಬರ ಬಳಿ ಇದ್ದದ್ದು ಅದರ ಎರಡು ಪ್ರತಿಗಳು. ಒಬ್ಬ ಗಿರಾಕಿಗೆ ಹಣ ವಾಪಸು ಕೊಟ್ಟು ಕ್ಷಮೆ ಕೇಳಿದೆವು. ಅವರು ಮತ್ತೆ ನಮ್ಮಲ್ಲಿಗೆ ಬರಲಿಲ್ಲ. ಎಲ್ಲರೂ ಒಂದೇ ಪಟ್ಟಿಯನ್ನು ನೋಡಬೇಕು, ‘ಕಾಯ್ದಿರಿಸಲಾಗಿದೆ’ ಎಂದು ಒಬ್ಬರು ಗುರುತು ಹಾಕಿದ ಕೂಡಲೇ ಉಳಿದವರಿಗೂ ವೆಬ್‌ಸೈಟಿಗೂ ಅದು ತಿಳಿಯಬೇಕು, ಯಾರು ಯಾವಾಗ ಬದಲಿಸಿದರು ಎಂಬುದು ಉಳಿಯಬೇಕು. ಹಣ ಕೊಡುವುದು ಇದಕ್ಕೆ.

ಮಾರಾಟಕ್ಕೆ ಬಂದವರು ತಮ್ಮ ಸಾಫ್ಟ್‌ವೇರಿನಲ್ಲಿ ಎಲ್ಲವೂ ನೇರವಾಗಿ ನಡೆದ ಒಂದು ವ್ಯವಹಾರವನ್ನು ತೋರಿಸುತ್ತಾರೆ: ಕಾರು ಬಂತು, ಬೆಲೆ ಹಾಕಿದರು, ಮಾರಾಟವಾಯಿತು. ನಮ್ಮ ಕೆಲಸ ಎಲ್ಲಿ ಹಾಗೆ ನಡೆಯುತ್ತದೆ? ಆದ್ದರಿಂದ ನಾನು ಈಗ ನಮ್ಮದೇ ಹಳೆಯ ಫೈಲುಗಳಿಂದ ಮೂರು ತೊಡಕಿನ ವ್ಯವಹಾರಗಳನ್ನು ತೆಗೆದು ಅವರ ಮುಂದಿಡುತ್ತೇನೆ. ಮೊದಲನೆಯದು, ಗಿರಾಕಿ ತನ್ನ ಹಳೆ ಕಾರನ್ನು ಎಕ್ಸ್‌ಚೇಂಜಿಗೆ ಕೊಟ್ಟು ಉಳಿದದ್ದಕ್ಕೆ ಸಾಲ ಮಾಡಿದ್ದು. ಎರಡನೆಯದು, ಅಡ್ವಾನ್ಸ್ ಕೊಟ್ಟ ಗಿರಾಕಿ ಹತ್ತು ದಿನಗಳ ಮೇಲೆ ಬೇಡವೆಂದಾಗ, ನಾವು ಅಡ್ವಾನ್ಸಿನಲ್ಲಿ ಸ್ವಲ್ಪ ಭಾಗ ಮಾತ್ರ ಹಿಂದಿರುಗಿಸಿದ್ದು. ಮೂರನೆಯದು, ಕಾರು ಮಾರಿದ ಮೂರು ವಾರಗಳ ನಂತರ ಮೆಕ್ಯಾನಿಕ್ ತಂದ ಬಿಲ್ಲು. ಈ ಮೂರನೆಯದರಲ್ಲಿ ಬಹಳಷ್ಟು ಸಾಫ್ಟ್‌ವೇರ್‌ಗಳು ಸೋತಿವೆ. ‘ಮಾರಾಟವಾಗಿದೆ’ ಎಂದು ಮುಚ್ಚಿದ ಕಾರಿಗೆ ಖರ್ಚು ಸೇರಿಸಲು ಬಿಡದಿದ್ದರೆ ಆ ಬಿಲ್ಲು ‘ಇತರೆ ಖರ್ಚು’ಗಳಲ್ಲಿ ಸೇರುತ್ತದೆ, ಮತ್ತು ಲಾಭ ತಂದಿತೆಂದು ನಾವು ನಂಬಿದ ಕಾರು ನಿಜವಾಗಿ ನಷ್ಟ ಮಾಡಿದ್ದು ಎಂದೂ ಗೊತ್ತಾಗುವುದಿಲ್ಲ. ಆಮೇಲೆ ಅದೇ ಮಾದರಿಯ ಇನ್ನೂ ನಾಲ್ಕು ಕಾರು ಕೊಳ್ಳುತ್ತೇವೆ. ಹಾಗೆ ಮಾಡಿದ ಅನುಭವ ನನಗಿದೆ.

ಪರೀಕ್ಷೆ ಮುಗಿದ ದಿನವೇ, ಹಣ ಕೊಡುವ ಮೊದಲು, ಹಾಕಿದ ಎಲ್ಲ ಮಾಹಿತಿಯನ್ನೂ ಹೊರಗೆ ತೆಗೆದುಕೊಡಲು ಹೇಳಬೇಕು. ಪಿಡಿಎಫ್ ಕೊಟ್ಟರೆ ಅದು ಕೊಟ್ಟಂತಲ್ಲ, ಏಕೆಂದರೆ ಅದನ್ನು ಓದಬಹುದೇ ಹೊರತು ಇನ್ನೊಂದು ಸಾಫ್ಟ್‌ವೇರಿಗೆ ತುಂಬಲಾಗದು. ಯಾವ ಸ್ಪ್ರೆಡ್‌ಶೀಟಿನಲ್ಲೂ ತೆರೆಯಬಹುದಾದ ಸರಳ ಪಟ್ಟಿಯ ರೂಪದ ಸಿಎಸ್‌ವಿ ಫೈಲು ಬೇಕು, ಅದರಲ್ಲಿ ಖರ್ಚಿನ ಒಂದೊಂದು ಸಾಲೂ ಬರಬೇಕು, ಫೋಟೊಗಳು ಸ್ಟಾಕ್ ನಂಬರಿನ ಪ್ರಕಾರ ಬೇರೆಯಾಗಿ ಬರಬೇಕು. ಕನ್ನಡದಲ್ಲಿ ಬರೆದ ಹೆಸರು ಮತ್ತು ವಿವರಗಳು ಹೊರಗೆ ಬಂದ ಮೇಲೂ ಕನ್ನಡವಾಗಿಯೇ ಉಳಿದಿವೆಯೇ, ಅಥವಾ ಪ್ರಶ್ನೆ ಚಿಹ್ನೆಗಳ ಸಾಲಾಗಿವೆಯೇ ಎಂದು ತೆರೆದು ನೋಡಬೇಕು. ಕನ್ನಡ ಲಿಪಿ 1991ರ ಮೊದಲ ಆವೃತ್ತಿಯಿಂದಲೇ, ಎಲ್ಲ ಭಾಷೆಗಳ ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಗುರುತಿಸುವ ಯೂನಿಕೋಡಿನಲ್ಲಿದೆ, ಇಂದಿನ ಯಾವ ಸಾಫ್ಟ್‌ವೇರಿಗೂ ಈ ವಿಷಯದಲ್ಲಿ ವಿನಾಯಿತಿ ಕೊಡಬೇಕಾಗಿಲ್ಲ. ‘ಅದನ್ನೆಲ್ಲ ನೀವು ನಮ್ಮನ್ನು ಬಿಡುವಾಗ ಕೊಡುತ್ತೇವೆ’ ಎಂಬ ಮಾತನ್ನು ಒಪ್ಪಬಾರದು. ಬಿಡುವ ದಿನ ಕೊಡುವ ಮನಸ್ಸು ಯಾರಿಗೂ ಇರುವುದಿಲ್ಲ.

ಬಿಡದೆ ಇದ್ದರೂ ಪ್ರತಿ ನಮ್ಮ ಬಳಿ ಇರಬೇಕು. 2024ರ ಜೂನ್ 19ರಂದು ಉತ್ತರ ಅಮೆರಿಕದ ಸುಮಾರು 15,000 ಕಾರು ಡೀಲರ್‌ಗಳಿಗೆ ಸಾಫ್ಟ್‌ವೇರ್ ಒದಗಿಸುವ ಸಿಡಿಕೆ ಗ್ಲೋಬಲ್ ಸಂಸ್ಥೆಯ ಮೇಲೆ ಸೈಬರ್ ದಾಳಿ ನಡೆದು, ಆ ವ್ಯವಸ್ಥೆಗಳನ್ನೇ ನಿಲ್ಲಿಸಬೇಕಾಯಿತು. ಎಲ್ಲ ಕಡೆ ಮತ್ತೆ ಶುರುವಾಗಲು ಸುಮಾರು ಎರಡು ವಾರ ಹಿಡಿಯಿತು. ಅಲ್ಲಿಯವರೆಗೆ ದೊಡ್ಡ ದೊಡ್ಡ ಡೀಲರ್‌ಗಳೂ ಕಾಗದ ಪೆನ್ನು ಹಿಡಿದು ಬಿಲ್ಲು ಬರೆದರು. ಅಷ್ಟು ದೊಡ್ಡ ಸಂಸ್ಥೆಗೆ ಆದದ್ದು ನಮಗೆ ಸಾಫ್ಟ್‌ವೇರ್ ಕೊಟ್ಟವರಿಗೆ ಆಗದು ಎಂದು ನಂಬಲು ಯಾವ ಕಾರಣವೂ ಇಲ್ಲ. ನಾವು ವಾರಕ್ಕೊಮ್ಮೆ ಇಡೀ ಪಟ್ಟಿಯನ್ನು ಇಳಿಸಿಕೊಂಡು, ಒಂದನ್ನು ಕಚೇರಿಯ ಕಂಪ್ಯೂಟರಿನಲ್ಲಿ, ಇನ್ನೊಂದನ್ನು ಮನೆಗೆ ಒಯ್ಯುವ ಹಾರ್ಡ್ ಡಿಸ್ಕಿನಲ್ಲಿ ಇಡುತ್ತೇವೆ. ಈ ಕೆಲಸಕ್ಕೆ ಹತ್ತು ನಿಮಿಷ ಸಾಕು.

ವೆಬ್‌ಸೈಟಿನ ವಿಷಯದಲ್ಲಿ ಮೊದಲು ಏಳುವ ಪ್ರಶ್ನೆ, ಅದು ಬೇಕೇ ಎಂಬುದು. ಜಾಹೀರಾತು ತಾಣಗಳಲ್ಲಿ, ಫೇಸ್‌ಬುಕ್ಕಿನಲ್ಲಿ ಕಾರು ಹಾಕಿದರೆ ಸಾಲದೇ ಎನ್ನುವವರು ನಮ್ಮ ನಡುವೆ ಬಹಳ ಇದ್ದಾರೆ. ಗಿರಾಕಿಗಳು ಅಲ್ಲಿರುವುದು ನಿಜ, ನಾವೂ ಅಲ್ಲಿ ಕಾರುಗಳನ್ನು ಹಾಕುತ್ತೇವೆ. ಆದರೆ ಆ ಜಾಗ ನಮ್ಮದಲ್ಲ. ವ್ಯಾಪಾರಿಗಳು ತಮ್ಮ ಬಿಸಿನೆಸ್ ಪೇಜಿನ ಮೂಲಕ ಮಾರ್ಕೆಟ್‌ಪ್ಲೇಸ್ ಎಂಬ ಕೊಡುಕೊಳ್ಳುವ ವಿಭಾಗದಲ್ಲಿ ವಾಹನಗಳ ಪಟ್ಟಿ ಹಾಕುವ ಅವಕಾಶವನ್ನು ಫೇಸ್‌ಬುಕ್ 2023ರ ಜನವರಿ ಕೊನೆಗೆ ನಿಲ್ಲಿಸಿತು. ಸಣ್ಣ ವ್ಯಾಪಾರಿಗಳು ಗೂಗಲ್‌ನಲ್ಲಿ ತಮ್ಮ ಅಂಗಡಿಯ ವಿವರ ತೋರಿಸುವ ಬಿಸಿನೆಸ್ ಪ್ರೊಫೈಲಿನಿಂದ ಉಚಿತವಾಗಿ ಮಾಡಿಕೊಂಡಿದ್ದ ವೆಬ್‌ಸೈಟ್‌ಗಳನ್ನು ಗೂಗಲ್ 2024ರ ಮಾರ್ಚಿನಲ್ಲಿ ಮುಚ್ಚಿತು. ಮಾರಾಟಕ್ಕಿರುವ ವಾಹನಗಳನ್ನು ಹುಡುಕಾಟದಲ್ಲಿ ವಿಶೇಷವಾಗಿ ತೋರಿಸಲು 2023ರಲ್ಲಿ ತಂದ ಏರ್ಪಾಡನ್ನು ಅದೇ ಗೂಗಲ್ 2025ರಲ್ಲಿ ಕೈಬಿಡುವುದಾಗಿ ಪ್ರಕಟಿಸಿತು. ಇದರಲ್ಲಿ ಅವರ ತಪ್ಪು ಇದೆಯೆಂದು ನಾನು ಹೇಳುವುದಿಲ್ಲ, ಅವರ ಜಾಗದಲ್ಲಿ ಅವರ ತೀರ್ಮಾನ ನಡೆಯುತ್ತದೆ. ನಮ್ಮ ಪಟ್ಟಿ ನಮ್ಮ ಡೊಮೇನಿನಲ್ಲಿ ಇದ್ದು, ಅಲ್ಲಿಂದ ಉಳಿದ ಕಡೆಗೆ ಹೋಗುತ್ತಿದ್ದರೆ ಇಂಥ ತೀರ್ಮಾನದಿಂದ ಒಂದು ದಾರಿ ಮುಚ್ಚುತ್ತದೆಯೇ ಹೊರತು ಅಂಗಡಿ ಮುಚ್ಚುವುದಿಲ್ಲ.

ಯಾವುದರಲ್ಲಿ ಕಟ್ಟಬೇಕು ಎಂಬುದಕ್ಕೆ ಒಂದೇ ಉತ್ತರವಿಲ್ಲ. 2003ರಿಂದ ಇರುವ ವರ್ಡ್‌ಪ್ರೆಸ್, ವೆಬ್‌ಸೈಟ್ ಕಟ್ಟಲು ಬಳಸುವ ಮುಕ್ತ ತಂತ್ರಾಂಶ. ಒಬ್ಬರು ಕಟ್ಟಿದ್ದನ್ನು ಇನ್ನೊಬ್ಬರು ಮುಂದುವರಿಸಬಹುದು, ಒಂದು ಹೋಸ್ಟಿಂಗಿನಿಂದ ಇನ್ನೊಂದಕ್ಕೆ ಒಯ್ಯಬಹುದು. ಆದರೆ ಅದನ್ನೂ ಅದಕ್ಕೆ ಸೇರಿಸುವ ಹೆಚ್ಚುವರಿ ತಂತ್ರಾಂಶಗಳಾದ ಪ್ಲಗಿನ್‌ಗಳನ್ನೂ ಆಗಾಗ ಅಪ್‌ಡೇಟ್ ಮಾಡುವವರು ಬೇಕು, ಇಲ್ಲದಿದ್ದರೆ ದುರುಳರು ಒಳನುಗ್ಗುತ್ತಾರೆ. ಪುಟದ ಭಾಗಗಳನ್ನು ಪರದೆಯ ಮೇಲೆ ಎಳೆದು ಜೋಡಿಸುವ ಬಗೆಯ ಚಂದಾ ಸೇವೆಗಳಲ್ಲಿ ಆ ಚಿಂತೆ ಇಲ್ಲ, ಆದರೆ ಅಲ್ಲಿ ಕಟ್ಟಿದ ಪುಟಗಳನ್ನು ಹಾಗೆಯೇ ಬೇರೆ ಕಡೆಗೆ ಒಯ್ಯಲಾಗುವುದಿಲ್ಲ. ಸ್ಟಾಕ್ ಸಾಫ್ಟ್‌ವೇರಿನವರೇ ವೆಬ್‌ಸೈಟನ್ನೂ ಕೊಡುವುದು ಎಲ್ಲಕ್ಕಿಂತ ಅನುಕೂಲ, ಏಕೆಂದರೆ ಕಾರು ಮಾರಾಟವಾದ ಕ್ಷಣ ಅದು ಪುಟದಲ್ಲೂ ಬದಲಾಗುತ್ತದೆ. ಡೊಮೇನ್ ನಮ್ಮದಾಗಿದ್ದು, ಮಾಹಿತಿ ಹೊರಗೆ ಬರುವಂತಿದ್ದರೆ ನಮ್ಮಂಥ ನಾಲ್ಕು ಜನರ ವ್ಯಾಪಾರಕ್ಕೆ ನಾನು ಇದನ್ನೇ ಒಪ್ಪುತ್ತೇನೆ.

ಪುಟದ ಬಣ್ಣ, ಅಂದಚಂದದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಫೋಟೊಗಳ ಬಗ್ಗೆ ಹೇಳಬೇಕು. ಈಗಿನ ಫೋನಿನಲ್ಲಿ ತೆಗೆದ ಒಂದು ಫೋಟೊ ಮೂರು ನಾಲ್ಕು ಎಂಬಿ ತೂಗುತ್ತದೆ. ಒಂದು ಕಾರಿಗೆ ಇಪ್ಪತ್ತು ಫೋಟೊ ಹಾಗೆಯೇ ಏರಿಸಿದರೆ ಗಿರಾಕಿಯ ಫೋನು ಒಂದೇ ಪುಟಕ್ಕೆ ಅರುವತ್ತು ಎಂಬತ್ತು ಎಂಬಿ ಇಳಿಸಬೇಕು. ಅಷ್ಟರಲ್ಲಿ ಆತ ಬೇರೆಯವರ ಪುಟಕ್ಕೆ ಹೋಗಿರುತ್ತಾನೆ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಿಸಬೇಕೆಂಬುದು ಗೂಗಲ್ ಹೇಳುವ ಅಳತೆ. ಏರಿಸಿದ ಫೋಟೊವನ್ನು ತಾನಾಗಿಯೇ ಕುಗ್ಗಿಸಿ, ಕೆಲವು ನೂರು ಕೆಬಿಗೆ ಇಳಿಸಿ, ಗಿರಾಕಿ ಕೆಳಗೆ ಸರಿಸಿದಂತೆಲ್ಲ ಮುಂದಿನದನ್ನು ತೋರಿಸುವ ವ್ಯವಸ್ಥೆ ಇರಬೇಕು. ಫೋನಿನ ಫೋಟೊದೊಳಗೆ ತೆಗೆದ ಸ್ಥಳದ ಗುರುತೂ ಅಡಗಿರಬಹುದು. ಮಾರುವವರ ಮನೆಯ ಮುಂದೆ ತೆಗೆದ ಫೋಟೊವನ್ನು ಹಾಗೆಯೇ ಏರಿಸಿದರೆ ಅವರ ಮನೆಯನ್ನು ಊರಿಗೆಲ್ಲ ತೋರಿಸಿದಂತಾಗುತ್ತದೆ, ಆದ್ದರಿಂದ ಅದನ್ನು ಅಳಿಸುವ ವ್ಯವಸ್ಥೆಯೂ ಬೇಕು. ಇನ್ನು ಗೀರು, ತಗ್ಗು, ಸವೆದ ಸೀಟು, ಓಡೊಮೀಟರ್ ಇವುಗಳ ಫೋಟೊ ಹಾಕಲು ಹೆಚ್ಚಿನವರು ಹಿಂಜರಿಯುತ್ತಾರೆ. ನಾವು ಹಾಕಲು ಶುರುಮಾಡಿದ ಮೇಲೆ ಬರುವ ಕರೆಗಳು ಸ್ವಲ್ಪ ಕಡಿಮೆಯಾದವು, ಆದರೆ ಬಂದು ನೋಡಿ ಬೇಸರದಿಂದ ತಿರುಗಿ ಹೋಗುವವರು ಬಹಳ ಕಡಿಮೆಯಾದರು. ಕಾರನ್ನು ನೋಡದೆಯೇ ‘ಅತ್ಯುತ್ತಮ ಸ್ಥಿತಿಯಲ್ಲಿದೆ’ ಎಂದು ವಿವರ ಬರೆದುಕೊಡುವ ಕೃತಕ ಬುದ್ಧಿಮತ್ತೆಯ ಸೌಲಭ್ಯವನ್ನು ಈಗ ಎಲ್ಲರೂ ಮುಂದಿಡುತ್ತಿದ್ದಾರೆ. ಆ ಮಾತಿಗೆ ನಾಳೆ ಉತ್ತರ ಕೊಡಬೇಕಾದವರು ನಾವು ಎಂಬುದನ್ನು ನೆನಪಿಡಬೇಕು.

ಗಿರಾಕಿ ವೆಬ್‌ಸೈಟಿನಲ್ಲಿ ಬರೆದ ವಿಚಾರಣೆ ನಮ್ಮನ್ನು ತಲುಪುತ್ತದೆಯೇ ಎಂಬುದನ್ನೂ ಪರೀಕ್ಷಿಸುತ್ತಿರಬೇಕು. ಒಮ್ಮೆ ನಮ್ಮಲ್ಲಿ ಒಂದು ತಿಂಗಳ ವಿಚಾರಣೆಗಳೆಲ್ಲ ಇಮೇಲಿನ ಸ್ಪ್ಯಾಮ್ ಪೆಟ್ಟಿಗೆಯಲ್ಲಿ ಬಿದ್ದಿದ್ದವು, ವ್ಯಾಪಾರ ಕುಗ್ಗಿದೆ ಎಂದು ನಾವು ಕುಳಿತಿದ್ದೆವು. 2024ರ ಫೆಬ್ರವರಿಯಿಂದ ಜಿಮೇಲ್ ತನಗೆ ಬರುವ ಇಮೇಲ್‌ಗಳ ಕಳುಹಿಸುವವರ ಗುರುತನ್ನು ಇನ್ನಷ್ಟು ಬಿಗಿಯಾಗಿ ನೋಡುತ್ತಿದೆ. ಇಮೇಲ್ ನಿಜವಾಗಿ ಆ ಡೊಮೇನಿನಿಂದಲೇ ಬಂದದ್ದು ಎಂದು ಖಚಿತಪಡಿಸುವ ಎಸ್‌ಪಿಎಫ್, ಡಿಕೆಐಎಂ ಎಂಬ ದಾಖಲೆಗಳನ್ನು ಡೊಮೇನಿನಲ್ಲಿ ಸೇರಿಸಿದ್ದೀರಾ ಎಂದು ವೆಬ್‌ಸೈಟ್ ಮಾಡುವವರನ್ನು ಕೇಳಿ, ಮಾಡಿಸಿಕೊಳ್ಳಬೇಕು. ವಿಚಾರಣೆ ಇಮೇಲಿಗೆ ಬರುವುದರ ಜೊತೆಗೆ ಸಾಫ್ಟ್‌ವೇರಿನೊಳಗೂ ಉಳಿಯಬೇಕು. ಗಿರಾಕಿಗೂ ವೆಬ್‌ಸೈಟಿಗೂ ನಡುವೆ ಹೋಗುವ ಮಾಹಿತಿಯನ್ನು ಬೇರೆಯವರು ಓದದಂತೆ ಕಾಯುವ ಎಚ್‌ಟಿಟಿಪಿಎಸ್ ಭದ್ರತೆಗೆ ಪ್ರತ್ಯೇಕ ಶುಲ್ಕ ಕೇಳುವವರೂ ಇದ್ದಾರೆ; ಅದಿಲ್ಲದ ಪುಟಗಳನ್ನು ಕ್ರೋಮ್ ಬ್ರೌಸರ್ 2018ರ ಜುಲೈನಿಂದ ಸುರಕ್ಷಿತವಲ್ಲ ಎಂದು ತೋರಿಸುತ್ತಿರುವುದರಿಂದ ಅದು ಬೇಕೇ ಬೇಕು, ಆದರೆ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸೇವೆ ಅದರ ಪ್ರಮಾಣಪತ್ರವನ್ನು ಉಚಿತವಾಗಿಯೇ ಕೊಡುತ್ತದೆ.

ಗಿರಾಕಿಗಳ ಗುರುತಿನ ಚೀಟಿ, ಸಾಲದ ಕಾಗದ, ಸಹಿ ಇವೆಲ್ಲ ನಮ್ಮ ಹುಡುಗರ ಸ್ವಂತ ಫೋನುಗಳಲ್ಲಿ ಉಳಿದುಬಿಡುವುದು ನನಗೆ ಬಹಳ ಕಳವಳ ತರುವ ವಿಷಯ. ಕೆಲಸ ಬಿಟ್ಟು ಹೋದವನ ಜೊತೆ ಅವೂ ಹೋಗುತ್ತವೆ. ಆದ್ದರಿಂದ ಒಬ್ಬೊಬ್ಬರಿಗೂ ಬೇರೆ ಬೇರೆ ಲಾಗಿನ್, ಎರಡು ಹಂತದ ಪರಿಶೀಲನೆ, ಬಿಟ್ಟು ಹೋದ ದಿನವೇ ಅದನ್ನು ಮುಚ್ಚುವ ಅವಕಾಶ, ಕೊಂಡ ಬೆಲೆಯನ್ನು ಯಾರು ನೋಡಬಹುದು ಎಂದು ಮಾಲೀಕರು ಗೊತ್ತುಮಾಡುವ ಅವಕಾಶ ಇರಬೇಕು. ಒಬ್ಬೊಬ್ಬ ಬಳಕೆದಾರನಿಗೂ ಶುಲ್ಕ ಕೇಳುತ್ತಾರೆಂದು ಎಲ್ಲರೂ ಒಂದೇ ಪಾಸ್‌ವರ್ಡ್ ಬಳಸುವ ಪದ್ಧತಿ ನಮ್ಮಲ್ಲೂ ಇತ್ತು, ಅದನ್ನು ಬಿಟ್ಟೆವು.

ಈ ಪತ್ರದ ಮೂಲಕ ವ್ಯಾಪಾರಿಗಳ ಸಂಘಗಳಲ್ಲಿ ನನ್ನದೊಂದು ವಿನಂತಿ ಇದೆ. ಒಬ್ಬ ಸಣ್ಣ ವ್ಯಾಪಾರಿ ಒಬ್ಬನೇ ಕೇಳಿದರೆ ಸಾಫ್ಟ್‌ವೇರ್ ಮಾರುವವರು ಕರಾರನ್ನು ಬದಲಿಸುವುದಿಲ್ಲ. ಸಂಘಗಳು ಒಂದೇ ಪುಟದ ಮಾದರಿ ಕರಾರನ್ನು ಸಿದ್ಧಪಡಿಸಿ ಸದಸ್ಯರಿಗೆ ಹಂಚಿದರೆ, ಅದನ್ನೇ ಮುಂದಿಟ್ಟು ಮಾತನಾಡಬಹುದು. ಡೊಮೇನ್ ವ್ಯಾಪಾರಿಯ ಹೆಸರಿನಲ್ಲೇ ಇರತಕ್ಕದ್ದು. ಕೇಳಿದ ಯಾವ ದಿನವಾದರೂ ಪೂರ್ತಿ ಮಾಹಿತಿಯನ್ನೂ ಫೋಟೊಗಳನ್ನೂ ಹೆಚ್ಚಿನ ಶುಲ್ಕವಿಲ್ಲದೆ ಕೊಡತಕ್ಕದ್ದು. ಚಂದಾ ನಿಂತ ಮೇಲೂ ಕನಿಷ್ಠ 90 ದಿನ ದಾಖಲೆಯನ್ನು ಅಳಿಸಬಾರದು, ಆಮೇಲೆ ಅಳಿಸಿದ್ದನ್ನು ಬರವಣಿಗೆಯಲ್ಲಿ ತಿಳಿಸಬೇಕು. ನಮ್ಮ ಗಿರಾಕಿಗಳ ವಿವರವನ್ನು ಬೇರೆ ಯಾರಿಗೂ ಮಾರಬಾರದು. ಈ ನಾಲ್ಕು ಅಂಶಗಳಿಗೆ ಒಪ್ಪಿ ಸಹಿ ಹಾಕಿದವರನ್ನೇ ನಾವು ಮೂರನೆಯ ಸಲ ಹುಡುಕಿ ಆರಿಸಿದ್ದೇವೆ. ಏಳು ಜನರಲ್ಲಿ ಒಪ್ಪಿದವರು ಇಬ್ಬರು.

ವಂದನೆಗಳೊಂದಿಗೆ,

ಹಳೆ ಕಾರುಗಳ ಒಬ್ಬ ಸಣ್ಣ ವ್ಯಾಪಾರಿ